ಇಸ್ರಾಯೇಲ್ಯರ ಧರ್ಮಶಾಸ್ತ್ರದಲ್ಲಿ ಋಣವಿಮೋಚನೆ

೧

ಮಳೆಬೆಳೆಗಳನ್ನೇ ನೆಚ್ಚಿ ಬಾಳುವ ಎಲ್ಲ ಜನಾಂಗಗಳಲ್ಲಿಯೂ ಸಾಲವು ಒಂದೇ ಕ್ರಮದಲ್ಲಿ ಬೆಳೆಯುವುದು. ಬೆಳೆ ಕೆಟ್ಟ ವರ್ಷ ಬಿತ್ತನೆಯ ಧಾನ್ಯಕ್ಕಾಗಿ ನೆರೆಯವನಲ್ಲಿ ಕೈಯೊಡ್ಡಿದ ಬೇಸಾಯಗಾರನು ಮರುವರ್ಷ ಬಡ್ಡಿಯ ಸಲುವಾಗಿ ಹೊಲವನ್ನು ಅಡವಿಡುವನು. ಹೊಲವು ಕೈಬಿಟ್ಟ ಮೇಲೆ ಮಕ್ಕಳನ್ನು ಸಾಲ ಕೊಟ್ಟವನ ಮನೆಯ ದುಡಿಮೆಗೆ ಕಳುಹಿಸುವನು. ಕಟ್ಟಕಡೆಗೆ ತನ್ನ ದೇಹವನ್ನೇ ಒತ್ತೆಯಿಡುವನು. ಈ ಅಧೋಗತಿಯನ್ನು ಎಲ್ಲಿ ತಡೆಯಬೇಕು, ಯಾರು ತಡೆಯಬೇಕು ಎಂಬ ಪ್ರಶ್ನೆಗೆ ಪ್ರಾಚೀನ ಶಾಸ್ತ್ರಕಾರರು ನಾನಾ ವಿಧವಾದ ಉತ್ತರಗಳನ್ನು ಕೊಟ್ಟಿದ್ದಾರೆ. ಕೆಲವರು ಬಡ್ಡಿಗೆ ಮಿತಿಯನ್ನು ವಿಧಿಸಿದರು. ಕೆಲವರು ರಾಜನ ಅನುಗ್ರಹಕ್ಕೆ ಬಿಟ್ಟರು. ಇಸ್ರಾಯೇಲ್ಯರ ಶಾಸ್ತ್ರಕಾರರಾದರೋ ಕಾಲವನ್ನೇ ಮಿತಿಯನ್ನಾಗಿ ಮಾಡಿದರು. ಏಳು ವರ್ಷಗಳಿಗೊಮ್ಮೆ ಸ್ವಜನರ ನಡುವಣ ಸಾಲಗಳೆಲ್ಲವೂ ಬಿಟ್ಟುಹೋಗತಕ್ಕುದೆಂಬುದೇ ಅವರ ವಿಧಿ.

ಈ ವಿಧಿಯನ್ನು ಕೇಳಿದೊಡನೆಯೇ ವ್ಯವಹಾರಜ್ಞನಾದವನಿಗೆ ಒಂದು ಶಂಕೆ ತೋರದಿರದು. ಸಾಲವು ಇಂತಹ ದಿನ ಅಳಿದುಹೋಗುವುದೆಂದು ಮೊದಲೇ ಗೊತ್ತಿರುವಾಗ, ಆರನೆಯ ವರ್ಷದಲ್ಲಿ ಬಡವನಿಗೆ ಸಾಲ ಕೊಡುವವರಾರು? ಬಡವನನ್ನು ಕಾಯಲು ಹುಟ್ಟಿದ ಶಾಸನವೇ ಅವನಿಗೆ ಬಾಗಿಲು ಮುಚ್ಚುವಂತಾಗುವುದಿಲ್ಲವೆ? ಈ ಶಂಕೆಯು ನಮ್ಮ ಕಾಲದವರು ಹೊಸದಾಗಿ ಎತ್ತಿದ್ದಲ್ಲ. ಆ ಶಾಸ್ತ್ರದ ಮೂಲವಾಕ್ಯದಲ್ಲಿಯೇ ಅಡಗಿದೆ. ಅದಕ್ಕೆ ಸಮಾಧಾನವನ್ನು ಹುಡುಕುತ್ತ ಇಸ್ರಾಯೇಲ್ಯರ ಪಂಡಿತರು ಶತಮಾನಗಳನ್ನು ಕಳೆದರು. ಆ ವಿಚಾರದ ಗತಿಯನ್ನು ಸಂಗ್ರಹವಾಗಿ ತಿಳಿಸುವುದೇ ಪ್ರಕೃತ ಲೇಖನದ ಉದ್ದೇಶ. ಸಾಲ ಕೊಟ್ಟವನನ್ನು ಧನಿಕನೆಂದೂ ಕೊಂಡವನನ್ನು ಋಣಿಕನೆಂದೂ ನಮ್ಮ ವ್ಯವಹಾರಗ್ರಂಥಗಳ ರೂಢಿಯಂತೆ ಇಲ್ಲಿ ಕರೆದಿದೆ.

೨

ಯೆಹೂದ್ಯರು ‘ತೋರಾ’ ಎಂದು ಕರೆಯುವ ಐದು ಗ್ರಂಥಗಳಲ್ಲಿ ಮೂರು ಕಡೆ ಈ ವಿಷಯವು ಬಂದಿದೆ. ಮೊದಲನೆಯದು ವಿಮೋಚನಕಾಂಡದ ೨೧ರಿಂದ ೨೩ರವರೆಗಿನ ಅಧ್ಯಾಯಗಳು. ಸ್ವಜನನಾದ ದಾಸನನ್ನು ಕೊಂಡವನು ಆರು ವರ್ಷ ದುಡಿಸಿಕೊಂಡು ಏಳನೆಯ ವರ್ಷದಲ್ಲಿ ಬಿಡುಗಡೆ ಮಾಡತಕ್ಕುದು; ಬಡವನಿಗೆ ಕೊಟ್ಟ ಹಣಕ್ಕೆ ಬಡ್ಡಿ ಕೂಡದು; ಹೊದೆಯುವ ಬಟ್ಟೆಯನ್ನು ಒತ್ತೆಯಾಗಿ ತೆಗೆದುಕೊಂಡಿದ್ದರೆ ಸೂರ್ಯಾಸ್ತಕ್ಕೆ ಮುಂಚೆ ಹಿಂದಿರುಗಿಸತಕ್ಕುದು; ಹೊಲವನ್ನು ಆರು ವರ್ಷ ಬಿತ್ತಿ ಏಳನೆಯ ವರ್ಷ ಬೀಳುಬಿಡತಕ್ಕುದು, ಆಗ ತಾನಾಗಿ ಬೆಳೆದುದು ಬಡವರ ಪಾಲು. ಇಲ್ಲಿ ಸಾಲದ ರದ್ದಿನ ಮಾತು ಇನ್ನೂ ಬಂದಿಲ್ಲ. ಆದರೆ ಬೀಳುಬಿಡುವುದಕ್ಕೆ ಪ್ರಯೋಗಿಸಿರುವ ಹೀಬ್ರೂ ಧಾತುವನ್ನು ಗಮನಿಸಬೇಕು. ಅದು ‘ಶಾಮತ್’, ಕೈಯಿಂದ ಜಾರಬಿಡು, ಕೆಳಕ್ಕೆ ಬೀಳಿಸು ಎಂದರ್ಥ.

ಎರಡನೆಯದು ಧರ್ಮೋಪದೇಶಕಾಂಡದ ೧೫ನೆಯ ಅಧ್ಯಾಯ. ಈ ಗ್ರಂಥವು ಕ್ರಿ. ಪೂ. ೭ನೆಯ ಶತಮಾನದಲ್ಲಿ ರೂಪುಗೊಂಡಿತೆಂದು ಬಹುಮಂದಿ ವಿದ್ವಾಂಸರ ಮತ. ಹಿಂದೆ ಹೊಲಕ್ಕೆ ಹೇಳಿದ್ದ ಅದೇ ಧಾತುವಿನಿಂದ ‘ಶೆಮಿಟ್ಟಾ’ ಎಂಬ ನಾಮಪದವನ್ನು ಸಾಧಿಸಿ, ಇಲ್ಲಿ ಸಾಲಕ್ಕೆ ಅನ್ವಯಿಸಿದ್ದಾರೆ. ಏಳು ವರ್ಷಗಳ ಕೊನೆಯಲ್ಲಿ ಧನಿಕನು ತನ್ನ ನೆರೆಯವನಿಗೆ ಕೊಟ್ಟುದನ್ನು ಕೈಬಿಡತಕ್ಕುದು. ಪರದೇಶೀಯನಿಂದ ಮಾತ್ರ ವಸೂಲುಮಾಡಬಹುದು. ದಾಸನನ್ನು ಬಿಡುವಾಗ ಬರಿಗೈಯಲ್ಲಿ ಕಳುಹಿಸದೆ, ಹಿಂಡಿನಿಂದಲೂ ಕಣದಿಂದಲೂ ದ್ರಾಕ್ಷಿಯ ಆಲೆಯಿಂದಲೂ ಕೊಟ್ಟು ಕಳುಹಿಸಬೇಕೆಂಬುದು ಇಲ್ಲಿಯ ವಿಶೇಷ. ಬರಿಗೈಯಲ್ಲಿ ಹೊರಟವನು ಮರುದಿನವೇ ಮತ್ತೊಬ್ಬ ಧನಿಕನ ಬಾಗಿಲಿಗೆ ಹೋಗಬೇಕಾಗುವುದೆಂಬುದನ್ನು ಶಾಸ್ತ್ರಕಾರನು ಬಲ್ಲನು. ಇದೇ ಗ್ರಂಥದ ೨೪ನೆಯ ಅಧ್ಯಾಯವು ಬೀಸುವ ಕಲ್ಲನ್ನು ಒತ್ತೆಯಾಗಿ ಹಿಡಿಯಬಾರದೆಂದೂ, ಒತ್ತೆಯನ್ನು ತರಲು ಧನಿಕನು ಋಣಿಕನ ಮನೆಯೊಳಕ್ಕೆ ನುಗ್ಗದೆ ಹೊರಗೇ ನಿಂತಿರಬೇಕೆಂದೂ ವಿಧಿಸುತ್ತದೆ.

ಧರ್ಮೋಪದೇಶಕಾಂಡದ ‘ಕೈಬಿಡುವಿಕೆ’ಯು ಸಾಲದ ಪೂರ್ಣ ವಿನಾಶವೋ, ಅಥವಾ ಆ ಒಂದು ವರ್ಷದ ಮಟ್ಟಿಗೆ ವಸೂಲಿಯ ತಡೆಯೋ ಎಂಬ ವಿವಾದವುಂಟು. ಹೊಲವನ್ನು ಬೀಳುಬಿಟ್ಟವನು ಎಂಟನೆಯ ವರ್ಷ ಮತ್ತೆ ಬಿತ್ತುವನಾದುದರಿಂದ ಸಾಲವೂ ಮತ್ತೆ ಎದ್ದುನಿಲ್ಲುವುದೆಂದು ತಡೆಯ ಪಕ್ಷದವರು ವಾದಿಸುವರು. ಆದರೆ ಧನಿಕನು ಏಳನೆಯ ವರ್ಷಕ್ಕೆ ಅಂಜಿ ಸಾಲ ಕೊಡದಿರಬಾರದೆಂದು ಮೂಲವೇ ಮುಂದೆ ಎಚ್ಚರಿಸುತ್ತದೆ. ಒಂದು ವರ್ಷದ ತಡೆಗೆ ಅಷ್ಟು ಅಂಜಿಕೆ ಏಕೆ? ಆದುದರಿಂದ ಪೂರ್ಣ ವಿನಾಶವೆಂಬುದೇ ವಾಕ್ಯಶೇಷಕ್ಕೆ ಹೊಂದುವ ಅರ್ಥ. ಯೆಹೂದ್ಯ ಪಂಡಿತರ ಪರಂಪರೆಯೂ ಹಾಗೆಯೇ ಗ್ರಹಿಸಿದೆ.

ಮೂರನೆಯದು ಯಾಜಕಕಾಂಡದ ೨೫ನೆಯ ಅಧ್ಯಾಯ. ಸುಪ್ರಸಿದ್ಧವಾದ ಜೂಬಿಲಿ ಸಂವತ್ಸರದ ಪ್ರಕರಣ. ಏಳು ಏಳುಗಳನ್ನು ಎಣಿಸಿ, ಐವತ್ತನೆಯ ವರ್ಷದಲ್ಲಿ, ಏಳನೆಯ ತಿಂಗಳ ಹತ್ತನೆಯ ದಿನ ಕೊಂಬನ್ನು ಊದಿಸಿ, ದೇಶದಲ್ಲೆಲ್ಲ ಬಿಡುಗಡೆಯನ್ನು ಸಾರತಕ್ಕುದು. ಮಾರಿಹೋದ ಹೊಲವು ಮೂಲ ಕುಟುಂಬಕ್ಕೆ ಹಿಂದಿರುಗುವುದು. ತನ್ನನ್ನು ಮಾರಿಕೊಂಡವನು ಮಕ್ಕಳೊಡನೆ ಮನೆಗೆ ಮರಳುವನು. ಭೂಮಿಯು ದೇವರದು, ಮನುಷ್ಯರು ಅಲ್ಲಿ ಒಕ್ಕಲುಗಳು ಮಾತ್ರ ಎಂಬುದು ಇದಕ್ಕೆ ಕೊಟ್ಟಿರುವ ಹೇತು. ಆದುದರಿಂದ ಭೂಕ್ರಯವು ಇಲ್ಲಿ ನಿಜವಾದ ಕ್ರಯವೇ ಅಲ್ಲ. ಜೂಬಿಲಿಯವರೆಗೆ ಉಳಿದಿರುವ ಬೆಳೆಗಳನ್ನು ಎಣಿಸಿ ಕೊಡುವ ಗುತ್ತಿಗೆಯ ಹಣ. ಕೋಟೆಯುಳ್ಳ ಪಟ್ಟಣದ ಮನೆಗೆ ಈ ನಿಯಮವಿಲ್ಲ. ಅದನ್ನು ಮಾರಿದವನು ಒಂದು ವರ್ಷದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕೊಂಡವನಿಗೇ ಸ್ಥಿರ. ವಾಚಕರು ಒಂದು ಅಂಶವನ್ನು ಗಮನಿಸಬೇಕು: ಜೂಬಿಲಿಯ ಪ್ರಕರಣದಲ್ಲಿ ಸಾಲವು ಅಳಿಯುವುದೆಂದು ಸ್ಪಷ್ಟವಾಗಿ ಎಲ್ಲಿಯೂ ಹೇಳಿಲ್ಲ. ಭೂಮಿಯೂ ದೇಹವೂ ಹಿಂದಿರುಗುವುವು. ಸಾಲದ ವಿಷಯವು ಏಳನೆಯ ವರ್ಷಕ್ಕೆ ಸೇರಿದ್ದು. ಈ ಎರಡನ್ನೂ ಒಂದೇ ಎಂದು ಬೆರೆಸಿ ಹೇಳುವುದು ಲೋಕದಲ್ಲಿ ಹೆಚ್ಚಾಗಿದೆ.

೩

ಈ ವಿಧಿಗಳ ವೈಲಕ್ಷಣ್ಯವು ಗೋಚರಿಸಬೇಕಾದರೆ ನೆರೆಯ ಬಾಬಿಲೋನಿಯವನ್ನು ನೋಡಬೇಕು. ಅಲ್ಲಿ ಋಣವಿಮೋಚನೆಯು ಇಸ್ರಾಯೇಲ್ಯರಿಗಿಂತ ಬಹಳ ಪ್ರಾಚೀನವಾದುದು. ಕ್ರಿ. ಪೂ. ಸುಮಾರು ೨೪೦೦ರಲ್ಲಿ ಲಗಾಷ್ ಎಂಬ ಪಟ್ಟಣದ ಅರಸು ಎಂಟೆಮೇನನು ಸುಮೇರಿಯ ಭಾಷೆಯಲ್ಲಿ ‘ಅಮಾರ್ಗಿ’ ಎಂಬುದನ್ನು ಸ್ಥಾಪಿಸಿದನೆಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ. ‘ತಾಯಿಯ ಬಳಿಗೆ ಮರಳುವಿಕೆ’ ಎಂಬುದು ಆ ಪದದ ಅವಯವಾರ್ಥ. ಸಾಲಕ್ಕಾಗಿ ಪರರ ಮನೆ ಸೇರಿದ ಮಕ್ಕಳು ಹಿಂದಿರುಗುವುದೇ ಬಿಡುಗಡೆ ಎಂಬ ಭಾವವು ಅದರಲ್ಲಿ ಉಳಿದಿದೆ.

ಹಮ್ಮುರಾಬಿಯ ಧರ್ಮಶಾಸನದ ೪೮ನೆಯ ವಿಧಿಯ ಮೇರೆಗೆ, ಹೊಲವು ಪ್ರವಾಹಕ್ಕೆ ಸಿಕ್ಕಿದರೆ ಅಥವಾ ನೀರಿಲ್ಲದೆ ಬೆಳೆಯದೆ ಹೋದರೆ ಋಣಿಕನು ಆ ವರ್ಷ ಧಾನ್ಯವನ್ನು ತೆರಬೇಕಾಗಿಲ್ಲ, ಬಡ್ಡಿಯನ್ನೂ ಕೊಡಬೇಕಾಗಿಲ್ಲ. ೧೧೭ನೆಯ ವಿಧಿಯ ಮೇರೆಗೆ, ಸಾಲಕ್ಕಾಗಿ ಕೊಟ್ಟ ಹೆಂಡತಿಮಕ್ಕಳು ಮೂರು ವರ್ಷ ದುಡಿದು ನಾಲ್ಕನೆಯ ವರ್ಷದಲ್ಲಿ ಬಿಡುಗಡೆ ಹೊಂದುವರು. ಆ ಕಾಲದಲ್ಲಿ ಬೆಳ್ಳಿಯ ಸಾಲಕ್ಕೆ ವರ್ಷಕ್ಕೆ ನೂರಕ್ಕೆ ೨೦ರಂತೆಯೂ, ಜವೆಗೋದಿಯ ಸಾಲಕ್ಕೆ ಮೂರರಲ್ಲಿ ಒಂದು ಪಾಲಿನಂತೆಯೂ ಬಡ್ಡಿ ನಡೆಯುತ್ತಿದ್ದುದರಿಂದ ಇಂತಹ ತಡೆಗಳು ಅವಶ್ಯಕವಾಗಿದ್ದುವು. ಇವುಗಳ ಜೊತೆಗೆ, ಅರಸನು ಪಟ್ಟವೇರಿದಾಗಲೋ ತನಗೆ ಉಚಿತವೆಂದು ತೋರಿದಾಗಲೋ ‘ಮೀಶರುಂ’ ಎಂಬ ಶಾಸನವನ್ನು ಹೊರಡಿಸುತ್ತಿದ್ದನು. ಹಮ್ಮುರಾಬಿಯ ಅನಂತರ ನಾಲ್ಕನೆಯವನಾಗಿ ಪಟ್ಟವೇರಿದ ಅಮ್ಮಿಸದುಕನು ಕ್ರಿ. ಪೂ. ಸುಮಾರು ೧೬೪೬ರಲ್ಲಿ ಹೊರಡಿಸಿದ ಇಂತಹ ಶಾಸನವು ಬಹುಮಟ್ಟಿಗೆ ದೊರೆತಿದೆ. ತೆರಿಗೆಯ ಬಾಕಿಗಳನ್ನೂ, ಬಡ್ಡಿಗೆ ಕೊಟ್ಟ ಬೆಳ್ಳಿ ಧಾನ್ಯಗಳ ಸಾಲಗಳನ್ನೂ ಅದು ಅಳಿಸಿತು. ವ್ಯಾಪಾರಕ್ಕಾಗಿ ಕೊಟ್ಟ ಮೂಲಧನವನ್ನು ಮುಟ್ಟಲಿಲ್ಲ. ಸಾಲವನ್ನು ಕ್ರಯವೆಂದೋ ನ್ಯಾಸವೆಂದೋ ಸುಳ್ಳುಪತ್ರ ಬರೆಸಿ ಶಾಸನದಿಂದ ತಪ್ಪಿಸಿಕೊಳ್ಳಲೆಳಸುವ ಧನಿಕರನ್ನೂ ಅದು ಹೆಸರಿಸಿ ದಂಡಿಸುತ್ತದೆ.

ಇಂತಹ ಬಿಡುಗಡೆಗೆ ಅಕ್ಕಾಡ ಭಾಷೆಯಲ್ಲಿ ‘ಅಂದುರಾರುಂ’ ಎಂದು ಹೆಸರು. ಜೂಬಿಲಿಯ ಬಿಡುಗಡೆಗೆ ಯಾಜಕಕಾಂಡವು ಹೇಳುವ ‘ದೆರೋರ್’ ಎಂಬ ಪದವು ಇದರ ಸಜಾತೀಯವೇ. ಪದವು ಒಂದೇ ಆದರೂ ಪದಾರ್ಥದಲ್ಲಿ ಮಹತ್ತಾದ ಭೇದವಿದೆ. ಬಾಬಿಲೋನಿಯದ ವಿಮೋಚನೆಗೆ ಕರ್ತನು ರಾಜ, ಕಾಲವು ಅನಿಯತ, ಅದು ಹಿಂದಿನ ಸಾಲವನ್ನು ಮಾತ್ರ ಅಳಿಸುವುದು. ನಾಳೆ ಶಾಸನವಾಗುವುದೋ ಹತ್ತು ವರ್ಷಗಳ ಮೇಲೋ ಯಾರೂ ಅರಿಯರಾದುದರಿಂದ ಸಾಲದ ವ್ಯವಹಾರವು ಒಮ್ಮೆಗೇ ನಿಂತುಹೋಗುತ್ತಿರಲಿಲ್ಲ. ಇಸ್ರಾಯೇಲಿನ ವಿಮೋಚನೆಗೆ ಕರ್ತನು ದೇವರು; ಕಾಲವು ನಿಯತ. ಅರಸನು ಕೃಪಾಳುವಾಗಿರಲಿ ಲೋಭಿಯಾಗಿರಲಿ, ಏಳನೆಯ ವರ್ಷವು ಬಂದೇ ಬರುವುದು. ಬಡವನು ಅರಮನೆಯ ಕೃಪೆಗಾಗಿ ಕಾಯಬೇಕಾಗಿಲ್ಲವೆಂಬುದು ಇದರ ಗುಣ. ಕಾಲವು ಎಲ್ಲರಿಗೂ ತಿಳಿದಿರುವುದರಿಂದ ಧನಿಕನೂ ಲೆಕ್ಕಹಾಕಿಕೊಳ್ಳಬಲ್ಲನೆಂಬುದೂ, ಅರಸನ ದಂಡವು ಹಿಂದೆ ನಿಂತಿಲ್ಲವೆಂಬುದೂ ಇದರ ದೋಷ.

೪

ಧರ್ಮೋಪದೇಶಕಾಂಡವು ಈ ದೋಷವನ್ನು ಮರೆಮಾಡುವುದಿಲ್ಲ. ೧೫ನೆಯ ಅಧ್ಯಾಯದ ೯ನೆಯ ವಾಕ್ಯವು ಧನಿಕನ ಹೃದಯದೊಳಕ್ಕೇ ಹೊಕ್ಕು, ಬಿಡುಗಡೆಯ ವರ್ಷ ಹತ್ತಿರವಾಯಿತೆಂಬ ಕೆಟ್ಟ ಆಲೋಚನೆಯಿಂದ ಬಡ ಸೋದರನಿಗೆ ಕೈಮುಚ್ಚಬಾರದೆಂದು ನಿಷೇಧಿಸುತ್ತದೆ. ಮೀಮಾಂಸಕರ ರೀತಿಯಲ್ಲಿ ವಿಂಗಡಿಸಿದರೆ, ಕೈಬಿಡತಕ್ಕುದೆಂಬುದು ವಿಧಿ, ಕೈಮುಚ್ಚಬಾರದೆಂಬುದು ನಿಷೇಧ, ಕೊಟ್ಟವನಿಗೆ ಎಲ್ಲ ಕಾರ್ಯಗಳಲ್ಲಿಯೂ ದೇವರ ಆಶೀರ್ವಾದವುಂಟೆಂಬುದು ಅರ್ಥವಾದ, ಬಡವನು ದೇವರಿಗೆ ಮೊರೆಯಿಟ್ಟರೆ ಪಾಪವುಂಟೆಂಬುದು ನಿಂದಾರೂಪವಾದ ಅರ್ಥವಾದ. ಸಾಲ ಕೊಡದವನಿಗೆ ಮನುಷ್ಯರು ವಿಧಿಸುವ ದಂಡವಿಲ್ಲ. ಕೊಡದಿರುವ ಮನಸ್ಸನ್ನು ನ್ಯಾಯಾಧಿಪತಿಯು ಹೇಗೆ ವಿಚಾರಿಸಬಲ್ಲನು?

ಇದೇ ಅಧ್ಯಾಯವು ಒಂದೆಡೆ ಬಡವರೇ ಇರಲಾರರೆಂದೂ, ಇನ್ನೊಂದೆಡೆ ಬಡವರು ಎಂದಿಗೂ ತಪ್ಪುವುದಿಲ್ಲವೆಂದೂ ಹೇಳಿರುವುದು ಮೇಲುನೋಟಕ್ಕೆ ವಿರೋಧ. ಮೊದಲನೆಯದು ಆಜ್ಞೆಯನ್ನು ಸಂಪೂರ್ಣವಾಗಿ ಪಾಲಿಸಿದರೆ ಎಂಬ ನಿಬಂಧನೆಗೆ ಒಳಪಟ್ಟಿದೆ; ಎರಡನೆಯದು ಲೋಕಸ್ಥಿತಿಯ ಅನುವಾದ. ಈ ಎರಡರ ನಡುವಣ ಅಂತರದಲ್ಲಿಯೇ ಮುಂದಿನ ಇತಿಹಾಸವೆಲ್ಲ ನಡೆದಿದೆ.

ನಮ್ಮ ಸ್ಮೃತಿಗಳೊಡನೆ ಹೋಲಿಸಿದರೆ ಭೇದವು ಇನ್ನೂ ಸ್ಫುಟವಾಗುವುದು. ಬಡ್ಡಿಯು ಒಂದೇ ಸಲಕ್ಕೆ ಮೂಲಧನದ ಇಮ್ಮಡಿಯನ್ನು ಮೀರಿಸಕೂಡದೆಂದು ಮನುಸ್ಮೃತಿಯ ೮ನೆಯ ಅಧ್ಯಾಯವು ವಿಧಿಸುತ್ತದೆ. ಆದರೆ ಮೂಲಧನವನ್ನು ಕಾಲವು ಅಳಿಸುವುದಿಲ್ಲ. ತಂದೆಯ ಸಾಲವನ್ನು ಮಗನು ಬಡ್ಡಿಸಹಿತವಾಗಿಯೂ, ಮೊಮ್ಮಗನು ಬಡ್ಡಿಯಿಲ್ಲದೆಯೂ ತೀರಿಸಬೇಕೆಂಬುದು ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯ ನಿರ್ಣಯ. ಸಾಲದ ದೆಸೆಯಿಂದ ದಾಸನಾದವನು ಸಾಲವನ್ನು ಬಡ್ಡಿಸಹಿತ ತೀರಿಸಿ ಬಿಡುಗಡೆ ಹೊಂದುವನೆಂದು ನಾರದನು ಹೇಳುವನು. ನಮ್ಮಲ್ಲಿ ಬಡ್ಡಿಗೆ ಎಲ್ಲೆಯುಂಟು, ಋಣಕ್ಕೆ ಇಲ್ಲ. ಅವರಲ್ಲಿ ಸ್ವಜನರ ನಡುವೆ ಬಡ್ಡಿಯೇ ಇಲ್ಲ, ಋಣಕ್ಕೆ ಎಲ್ಲೆಯುಂಟು. ಋಣವನ್ನು ತೀರಿಸದವನ ಪರಲೋಕಹಾನಿಯನ್ನು ನಮ್ಮವರು ಚಿಂತಿಸಿದರು; ಋಣವನ್ನು ಬಿಡದವನ ಪಾಪವನ್ನು ಅವರು ಚಿಂತಿಸಿದರು.

೫

ಇನ್ನು ಆಚರಣೆಯ ವಿಚಾರ. ಅರಸರ ಕಾಲದಲ್ಲಿ ಈ ವಿಧಿಗಳು ಕ್ರಮವಾಗಿ ನಡೆದುವೆನ್ನುವುದಕ್ಕೆ ಸಾಕ್ಷ್ಯ ವಿರಳ, ನಡೆಯಲಿಲ್ಲವೆನ್ನುವುದಕ್ಕೆ ಹೇರಳ. ಬಡವನನ್ನು ಒಂದು ಜೊತೆ ಕೆರಗಳಿಗಾಗಿ ಮಾರುವರೆಂದು ಕ್ರಿ. ಪೂ. ೮ನೆಯ ಶತಮಾನದ ಪ್ರವಾದಿ ಆಮೋಸನು ಆಕ್ರೋಶಿಸುತ್ತಾನೆ. ಪ್ರವಾದಿಗಳ ಶಿಷ್ಯನೊಬ್ಬನ ವಿಧವೆಯು, ಧನಿಕನು ತನ್ನಿಬ್ಬರು ಮಕ್ಕಳನ್ನು ದಾಸರನ್ನಾಗಿ ಒಯ್ಯಲು ಬಂದಿರುವನೆಂದು ಎಲೀಷನಲ್ಲಿ ಮೊರೆಯಿಡುತ್ತಾಳೆ. ಎಲೀಷನು ಎಣ್ಣೆಯ ಅದ್ಭುತದಿಂದ ಸಾಲವನ್ನು ತೀರಿಸುವ ಉಪಾಯವನ್ನು ಮಾಡಿಕೊಟ್ಟನೇ ಹೊರತು, ಏಳನೆಯ ವರ್ಷದ ವಿಧಿಯನ್ನು ಉದಾಹರಿಸಲಿಲ್ಲ.

ಯೆರೆಮೀಯನ ಗ್ರಂಥದ ೩೪ನೆಯ ಅಧ್ಯಾಯದ ವೃತ್ತಾಂತವು ಹೆಚ್ಚು ಶೋಚನೀಯವಾದುದು. ಬಾಬಿಲೋನಿಯದ ದಂಡು ಯೆರೂಸಲೇಮನ್ನು ಮುತ್ತಿದಾಗ ಅರಸನಾದ ಚಿದ್ಕೀಯನು ಜನರೊಡನೆ ಒಡಂಬಡಿಕೆ ಮಾಡಿ, ಸ್ವಜನರಾದ ದಾಸದಾಸಿಯರೆಲ್ಲರಿಗೂ ಬಿಡುಗಡೆಯನ್ನು ಸಾರಿದನು. ಕರುವನ್ನು ಸೀಳಿ ಅದರ ಹೋಳುಗಳ ನಡುವೆ ನಡೆದು ಜನರು ಪ್ರತಿಜ್ಞೆ ಮಾಡಿದರು. ಐಗುಪ್ತದ ದಂಡು ಬರುವ ಸುದ್ದಿಯಿಂದ ಮುತ್ತಿಗೆಯು ಸಡಲಿದೊಡನೆಯೇ ಬಿಟ್ಟವರನ್ನೆಲ್ಲ ಮತ್ತೆ ಹಿಡಿದು ದಾಸ್ಯಕ್ಕೆ ತಳ್ಳಿದರು. ಇಲ್ಲಿಯೂ ಬಿಡುಗಡೆಗೆ ‘ದೆರೋರ್’ ಎಂಬ ಪದವೇ ಪ್ರಯುಕ್ತವಾಗಿದೆ, ಅದನ್ನು ಸಾರಿದವನು ಅರಸ, ನಿಮಿತ್ತವು ಆಪತ್ತು. ಹೀಗೆ ಇದು ಬಾಬಿಲೋನಿಯದ ರಾಜಶಾಸನಕ್ಕೆ ಹತ್ತಿರವಾದುದು. ಪ್ರವಾದಿಯಾದರೋ ಏಳನೆಯ ವರ್ಷದ ಪ್ರಾಚೀನ ವಿಧಿಯನ್ನು ನೆನಪಿಗೆ ತಂದು, ಪೂರ್ವಿಕರು ಅದಕ್ಕೆ ಕಿವಿಗೊಡಲಿಲ್ಲವೆಂದು ನಿಂದಿಸುತ್ತಾನೆ. ಪಟ್ಟಣವು ಕ್ರಿ. ಪೂ. ೫೮೭ ಅಥವಾ ೫೮೬ರಲ್ಲಿ ಬಿದ್ದಿತು.

ಸೆರೆಯಿಂದ ಹಿಂದಿರುಗಿದ ಮೇಲೆ, ಕ್ರಿ. ಪೂ. ೪೪೫ರಲ್ಲಿ ಪಾರಸಿಕ ಚಕ್ರವರ್ತಿಯ ಅಧಿಕಾರಿಯಾಗಿ ಬಂದ ನೆಹೆಮೀಯನ ಮುಂದೆ ಜನರು ಗೋಳಿಟ್ಟರು. ಕ್ಷಾಮದಲ್ಲಿ ಧಾನ್ಯಕ್ಕಾಗಿ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಅಡವಿಟ್ಟವರು ಕೆಲವರು. ಚಕ್ರವರ್ತಿಯ ತೆರಿಗೆಗಾಗಿ ಸಾಲ ತಂದವರು ಕೆಲವರು. ಹೆಣ್ಣುಮಕ್ಕಳು ಆಗಲೇ ದಾಸ್ಯಕ್ಕೆ ಹೋಗಿದ್ದರು. ನೆಹೆಮೀಯನು ಸಭೆ ಸೇರಿಸಿ, ತಾನೂ ತನ್ನವರೂ ಸಾಲ ಕೊಟ್ಟವರೇ ಎಂದು ಒಪ್ಪಿಕೊಂಡು, ಹೊಲಮನೆಗಳನ್ನು ಅದೇ ದಿನ ಹಿಂದಿರುಗಿಸುವಂತೆ ಧನಿಕರನ್ನು ಒಡಂಬಡಿಸಿ, ಯಾಜಕರ ಮುಂದೆ ಪ್ರಮಾಣ ಮಾಡಿಸಿದನು. ಮುಂದೆ ೧೦ನೆಯ ಅಧ್ಯಾಯದ ಒಡಂಬಡಿಕೆಯಲ್ಲಿ, ಏಳನೆಯ ವರ್ಷ ಹೊಲವನ್ನೂ ಸಾಲವನ್ನೂ ಬಿಡುವೆವೆಂದು ಜನರೆಲ್ಲರೂ ಒಪ್ಪಿದರು.

ಇಲ್ಲಿಂದ ಮುಂದೆ ಆಚರಣೆಯ ಸಾಕ್ಷ್ಯವು ದೃಢವಾಗುತ್ತದೆ. ಕ್ರಿ. ಪೂ. ೨ನೆಯ ಶತಮಾನದ ಯುದ್ಧದಲ್ಲಿ ಬೇತ್‌ಚೂರ್ ಎಂಬ ಕೋಟೆಯವರು, ಅದು ಏಳನೆಯ ವರ್ಷವಾದುದರಿಂದ ಆಹಾರವಿಲ್ಲದೆ ಶರಣಾದರೆಂದು ಮಕ್ಕಬೀಯರ ಮೊದಲನೆಯ ಗ್ರಂಥವು ತಿಳಿಸುತ್ತದೆ. ಆ ವರ್ಷದಲ್ಲಿ ಯೆಹೂದ್ಯರಿಂದ ಕಪ್ಪವನ್ನು ಕೇಳಕೂಡದೆಂಬ ಜೂಲಿಯಸ್ ಸೀಸರನ ಆಜ್ಞೆಯನ್ನು ಇತಿಹಾಸಕಾರನಾದ ಜೋಸೀಫಸನು ಉದ್ಧರಿಸಿದ್ದಾನೆ. ವಿಧಿಯು ನಿಜವಾಗಿ ನಡೆಯತೊಡಗಿತು. ನಡೆಯತೊಡಗಿದೊಡನೆ ಮೂಲವಾಕ್ಯವು ಅಂಜಿದ್ದ ಕೇಡೂ ಕಾಣಿಸಿಕೊಂಡಿತು.

೬

ಧನಿಕರು ಸಾಲ ಕೊಡುವುದನ್ನು ನಿಲ್ಲಿಸಿ ಶಾಸ್ತ್ರದ ನಿಷೇಧವನ್ನು ಮೀರುತ್ತಿರುವುದನ್ನು ಕಂಡು, ಹೆರೋದನ ಆಳಿಕೆಯ ಸುಮಾರಿನಲ್ಲಿ ಬಾಳಿದ ಹಿಲ್ಲೇಲನೆಂಬ ಪಂಡಿತನು ‘ಪ್ರೊಜ್ಬುಲ್’ ಎಂಬ ವ್ಯವಸ್ಥೆಯನ್ನು ಮಾಡಿದನೆಂದು ಮಿಶ್ನಾ ಗ್ರಂಥವು ಹೇಳುತ್ತದೆ. ಪದವು ಗ್ರೀಕ್ ಮೂಲದ್ದು. ಸಾಲ ಕೊಟ್ಟವನು ನ್ಯಾಯಾಧಿಪತಿಗಳ ಮುಂದೆ, ತನಗೆ ಬರಬೇಕಾದ ಸಾಲಗಳನ್ನು ಬೇಕಾದಾಗ ವಸೂಲುಮಾಡಿಕೊಳ್ಳುವೆನೆಂದು ತಿಳಿಸಿ ಪತ್ರವನ್ನು ಬರೆಸುವನು. ನ್ಯಾಯಾಧಿಪತಿಗಳೋ ಸಾಕ್ಷಿಗಳೋ ರುಜು ಹಾಕುವರು. ಆಮೇಲೆ ಏಳನೆಯ ವರ್ಷವು ಆ ಸಾಲವನ್ನು ಅಳಿಸದು.

ಇದಕ್ಕೆ ಶಾಸ್ತ್ರದಲ್ಲಿ ಆಧಾರವೇನು? ಕೈಬಿಡತಕ್ಕವನು ಧನಿಕನು, ಬಿಡತಕ್ಕುದು ಅವನ ಕೈಯಲ್ಲಿರುವುದು. ಪತ್ರಗಳನ್ನು ನ್ಯಾಯಸ್ಥಾನಕ್ಕೆ ಒಪ್ಪಿಸಿದ ಮೇಲೆ ಸಾಲವು ಅವನ ಕೈಯಲ್ಲಿಲ್ಲ ಎಂಬುದು ಯುಕ್ತಿ. ಅಡವಿನ ಮೇಲಣ ಸಾಲ, ಅಂಗಡಿಯ ಲೆಕ್ಕದ ಬಾಕಿ, ನ್ಯಾಯಸ್ಥಾನವು ವಿಧಿಸಿದ ದಂಡದ ಹಣ ಇವುಗಳನ್ನೂ ಏಳನೆಯ ವರ್ಷವು ಅಳಿಸುವುದಿಲ್ಲವೆಂದು ಮಿಶ್ನಾ ಹೇಳುತ್ತದೆ. ಆದರೆ ಋಣಿಕನಿಗೆ ಸ್ವಲ್ಪವಾದರೂ ಭೂಮಿಯಿಲ್ಲದಿದ್ದರೆ ಪ್ರೊಜ್ಬುಲ್ ಬರೆಯಕೂಡದೆಂದು ನಿಯಮವುಂಟು. ಆ ನಿಯಮವೂ ಬೇಗನೆ ಸಡಲಿತು. ಧನಿಕನೇ ತನ್ನ ಭೂಮಿಯಲ್ಲಿ ಎಷ್ಟಾದರೂ ಸರಿ, ಒಂದಿಷ್ಟನ್ನು ಅವನಿಗೆ ಕೊಟ್ಟು ಪತ್ರವನ್ನು ಬರೆಸಬಹುದೆಂದು ಪಂಡಿತರು ಒಪ್ಪಿದರು.

ಹಿಲ್ಲೇಲನು ಇದನ್ನು ಮಾಡಿದ್ದು ಲೋಕವ್ಯವಸ್ಥೆಯ ಸಲುವಾಗಿ ಎಂದು ಮಿಶ್ನಾ ಕಾರಣವನ್ನು ಕೊಟ್ಟಿದೆ. ಆದರೂ ಈ ಯುಕ್ತಿಯು ಎಲ್ಲ ಪಂಡಿತರ ಮನಸ್ಸಿಗೂ ಒಪ್ಪಲಿಲ್ಲ. ತಾಲ್ಮೂದಿನಲ್ಲಿ ಶಮೂವೇಲನೆಂಬ ಆಚಾರ್ಯನು ಇದನ್ನು ನ್ಯಾಯಾಧಿಪತಿಗಳ ಉದ್ಧಟತನವೆಂದು ಕರೆದು, ಶಕ್ತಿಯಿದ್ದರೆ ರದ್ದುಮಾಡುತ್ತಿದ್ದೆನೆಂದನು. ನಹ್ಮಾನನೆಂಬ ಇನ್ನೊಬ್ಬನು ತಾನು ಇದನ್ನು ಸ್ಥಿರಪಡಿಸುವೆನೆಂದನು. ಮನುಷ್ಯಕೃತವಾದ ವ್ಯವಸ್ಥೆಯು ದೈವವಿಧಿಯನ್ನು ಹೇಗೆ ಮೀರೀತೆಂಬ ಪ್ರಶ್ನೆಗೆ, ಜೂಬಿಲಿಯು ನಿಂತುಹೋದ ಮೇಲೆ ಸಾಲದ ಶೆಮಿಟ್ಟಾ ಸಹ ಪಂಡಿತರ ಆಜ್ಞೆಯಿಂದಲೇ ನಡೆಯುತ್ತಿದೆ, ಪಂಡಿತರು ವಿಧಿಸಿದುದನ್ನು ಪಂಡಿತರೇ ಸಡಲಿಸಬಲ್ಲರೆಂಬುದು ಅಲ್ಲಿ ಕೊಟ್ಟ ಸಮಾಧಾನಗಳಲ್ಲೊಂದು.

ಗ್ರಂಥಗಳ ಹೊರಗೂ ಒಂದು ಸಾಕ್ಷ್ಯವಿದೆ. ಮೃತಸಮುದ್ರದ ಬಳಿಯ ಮುರಬ್ಬಾತ್ ಕಣಿವೆಯ ಗವಿಗಳಲ್ಲಿ ಕ್ರಿ. ಶ. ೧೯೫೧–೫೨ರ ಸುಮಾರಿಗೆ ದೊರೆತ ಅರಮಾಯಿಕ್ ಸಾಲಪತ್ರವೊಂದು ರೋಮ್ ಚಕ್ರವರ್ತಿ ನೀರೋವಿನ ಎರಡನೆಯ ವರ್ಷದ್ದು, ಎಂದರೆ ಕ್ರಿ. ಶ. ೫೫–೫೬ರದು. ಋಣಿಕನು ೨೦ ಜೂಜ್ ನಾಣ್ಯಗಳ ಸಾಲವನ್ನು ಒಪ್ಪಿಕೊಂಡು, ವಾಯಿದೆ ತಪ್ಪಿದರೆ ಐದರಲ್ಲಿ ಒಂದು ಪಾಲನ್ನು ಸೇರಿಸಿ, ಶೆಮಿಟ್ಟಾ ವರ್ಷವಾದರೂ ತೀರಿಸುವೆನೆಂದು ಅದರಲ್ಲಿ ಬರೆಸಿಕೊಟ್ಟಿದ್ದಾನೆ. ವಿಧಿಯು ಜನರ ಮನಸ್ಸಿನಲ್ಲಿ ಜೀವಂತವಾಗಿದ್ದುದರಿಂದಲೇ ಅದನ್ನು ಹೀಗೆ ಹೆಸರಿಸಿ ಹೊರಗಿಡಬೇಕಾಯಿತು. ಋಣಿಕನ ರಕ್ಷಣೆಗಾಗಿ ಇದ್ದ ವರ್ಷವನ್ನು ಋಣಿಕನ ಮಾತಿನಿಂದಲೇ ಬಿಡಿಸಿದ್ದಾರೆ.

ಇದಾದ ಹತ್ತು ವರ್ಷಗಳ ಮೇಲೆ, ಕ್ರಿ. ಶ. ೬೬ರಲ್ಲಿ, ರೋಮನರ ವಿರುದ್ಧ ಎದ್ದ ಬಂಡಾಯಗಾರರು ಯೆರೂಸಲೇಮಿನ ದಾಖಲೆಗಳ ಮಂದಿರಕ್ಕೆ ಬೆಂಕಿಯಿಟ್ಟರು. ಸಾಲಪತ್ರಗಳನ್ನು ಸುಟ್ಟು ವಸೂಲಿಯನ್ನು ನಿಲ್ಲಿಸಿ, ಋಣಿಕರನ್ನು ತಮ್ಮ ಪಕ್ಷಕ್ಕೆ ಸೆಳೆಯುವುದೇ ಅವರ ಉದ್ದೇಶವೆಂದು ಜೋಸೀಫಸನು ಹೇಳುತ್ತಾನೆ. ಏಳನೆಯ ವರ್ಷವು ಶಾಂತವಾಗಿ ಮಾಡಬೇಕಾಗಿದ್ದ ಕಾರ್ಯವನ್ನು ಆ ದಿನ ಬೆಂಕಿಯು ಮಾಡಿತು.

೭

ಹಾಗಾದರೆ ಹಿಲ್ಲೇಲನು ಶಾಸ್ತ್ರವನ್ನು ಉಳಿಸಿದನೋ ಕೆಡಿಸಿದನೋ? ಅವನ ಪತ್ರದಿಂದ ಬಡವನಿಗೆ ಸಾಲವು ದೊರೆಯಿತು, ಬಿಡುಗಡೆಯು ದೊರೆಯಲಿಲ್ಲ. ಧರ್ಮೋಪದೇಶಕಾಂಡದ ಒಂದೇ ಪ್ರಕರಣದಲ್ಲಿ ಎರಡು ಆಜ್ಞೆಗಳಿದ್ದುವು: ಸಾಲವನ್ನು ಬಿಡು, ಸಾಲವನ್ನು ಕೊಡು. ಎರಡನ್ನೂ ಒಟ್ಟಿಗೆ ಪಾಲಿಸುವ ಧನಿಕರು ವಿರಳರಾದಾಗ, ಎರಡನೆಯದನ್ನು ಉಳಿಸಲು ಮೊದಲನೆಯದನ್ನು ಅವನು ಸಡಲಿಸಿದನು. ಹಸಿದವನಿಗೆ ಏಳನೆಯ ವರ್ಷದ ಬಿಡುಗಡೆಗಿಂತ ಈ ವರ್ಷದ ಬಿತ್ತನೆಯ ಕಾಳು ಮೊದಲು ಬೇಕೆಂಬುದು ಅವನ ನಿರ್ಣಯದ ತಿರುಳು. ಅದನ್ನು ತಪ್ಪೆನ್ನುವುದು ಸುಲಭವಲ್ಲ. ಆದರೆ ಹೊಲದ ಒಡೆತನ, ಮಕ್ಕಳ ಸ್ವಾತಂತ್ರ್ಯ ಮೊದಲಾದುವು ಕಾಲಕಾಲಕ್ಕೆ ಮೂಲಸ್ಥಿತಿಗೆ ಬರಬೇಕೆಂಬ ಹಿರಿಯ ಉದ್ದೇಶವು ಆ ಪತ್ರದಲ್ಲಿ ಕಾಣುವುದಿಲ್ಲ.

ಮಿಶ್ನಾ ಗ್ರಂಥವು ಇದನ್ನು ಮರೆತಿಲ್ಲವೆಂಬುದಕ್ಕೆ ಶೆಮಿಟ್ಟಾ ಪ್ರಕರಣದ ಕೊನೆಯ ನಿಯಮಗಳೇ ನಿದರ್ಶನ. ಏಳನೆಯ ವರ್ಷದಲ್ಲಿ ಋಣಿಕನು ಹಣವನ್ನು ತಂದರೆ, ತಾನು ಬಿಟ್ಟಿರುವೆನೆಂದು ಧನಿಕನು ಮೊದಲು ಹೇಳತಕ್ಕುದು. ಆದರೂ ಕೊಡುವೆನೆಂದು ಋಣಿಕನು ನುಡಿದರೆ ಆಗ ತೆಗೆದುಕೊಳ್ಳಬಹುದು. ಹಾಗೆ ತಾನಾಗಿ ತೀರಿಸಿದವನ ವಿಷಯದಲ್ಲಿ ಪಂಡಿತರ ಮನಸ್ಸು ಪ್ರಸನ್ನವಾಗುವುದು. ಬಿಡುವ ಧರ್ಮವು ಧನಿಕನದು, ತೀರಿಸುವ ಧರ್ಮವು ಋಣಿಕನದು. ಇಬ್ಬರೂ ತಮ್ಮ ತಮ್ಮ ಧರ್ಮವನ್ನು ತಾವೇ ನೆನೆಯಬೇಕು, ಒಬ್ಬನು ಇನ್ನೊಬ್ಬನಿಗೆ ನೆನಪಿಸಬಾರದು. ಈ ಸ್ಥಿತಿಯಲ್ಲಿ ಪತ್ರವೂ ಬೇಕಾಗದು, ಬೆಂಕಿಯೂ ಬೇಕಾಗದು.

ಶ್ರದ್ಧಾವಂತರಾದ ಯೆಹೂದ್ಯರು ಕ್ರಿ. ಶ. ೨೦೨೧–೨೨ರ ಶೆಮಿಟ್ಟಾ ವರ್ಷದಲ್ಲಿಯೂ ಪ್ರೊಜ್ಬುಲ್ ಬರೆಸಿದರು. ಎರಡು ಸಾವಿರ ವರ್ಷಗಳಿಂದ ಆ ಪತ್ರದ ಮೂಲಕ ಬಿಡುಗಡೆಯು ತಪ್ಪುತ್ತಲೇ ಬಂದಿದೆ. ಆದರೆ ಅದೇ ಪತ್ರವನ್ನು ಬರೆಸಬೇಕಾಗಿರುವುದರಿಂದಲೇ, ಸಾಲವು ಶಾಶ್ವತವಲ್ಲವೆಂಬ ಮೂಲವಿಧಿಯು ಅವರ ಸ್ಮರಣೆಯಿಂದ ಜಾರಿಹೋಗದೆ ಉಳಿದಿದೆ.